ಎಕ್ಸ್‌ರೇ ಬರ್ತಾ ಇಲ್ಲ!

ಸೊಸೆ: ನಾನು ಹೇಳ್ತಿರೋದು ಒಂದೇ ಮಾತು ಅತ್ತೆ. ಎಕ್ಸ್‌ರೇ ತೆಗೆದಾಯ್ತು. ಅದು ಆ ರೂಮಿನ ಕಂಪ್ಯೂಟರಿನಲ್ಲಿದೆ. ಈ ರೂಮಿನ ಕಂಪ್ಯೂಟರಿಗೆ ಬರ್ತಾ ಇಲ್ಲ.

ಅತ್ತೆ: ಅದು ಬರದಿದ್ರೆ ನೀನು ಹೋಗು. ಏಳು ಹೆಜ್ಜೆ. ನಾನು ಎಣಿಸಿದೀನಿ.

ಸೊಸೆ: ಹೋಗಿ ಏನು ನೋಡ್ಲಿ? ಆ ಕಂಪ್ಯೂಟರಿಗೆ ಸ್ಕ್ರೀನ್ ಎಲ್ಲಿದೆ? ಕಳೆದ ವಾರ ಅದನ್ನ ಬಿಚ್ಚಿ ನಿಮ್ಮ ಮೇಜಿನ ಮೇಲೆ ಕೂರಿಸಿದ್ದು ಯಾರು?

ಅತ್ತೆ: ನಿನ್ನ ಗಂಡ.

ಸೊಸೆ: ಮೊನ್ನೆ ತನಕ ‘ನನ್ನ ಮಗ ಎಷ್ಟು ಚೆನ್ನಾಗಿ ಜೋಡಿಸಿದಾನೆ ನೋಡು’ ಅಂತಿದ್ರಿ.

ಅತ್ತೆ: ಕೆಲಸ ಮಾಡೋವಾಗ ನನ್ನ ಮಗ. ಕೆಟ್ಟುನಿಂತಾಗ ನಿನ್ನ ಗಂಡ. ಇಷ್ಟು ವರ್ಷ ಆಯ್ತು, ಇದೊಂದು ಲೆಕ್ಕ ನಿನಗೆ ಇನ್ನೂ ಹತ್ತಲಿಲ್ಲ.

ಸೊಸೆ: ಹಾಗಾದ್ರೆ ಆ ಸ್ಕ್ರೀನನ್ನ ವಾಪಸ್ ಅಲ್ಲಿಗೇ ಇಡ್ತೀನಿ.

ಅತ್ತೆ: ಮುಟ್ಟು ನೋಡೋಣ. ಮೊದಲು ನನ್ನ ಟೆಲಿಫೋನ್ ಪುಸ್ತಕ ಹೋಯ್ತು, ಆಮೇಲೆ ಗಂಟೆ ಹೋಯ್ತು, ಈಗ ಸ್ಕ್ರೀನು. ಮೇಜಿನ ಮೇಲಿರೋದನ್ನ ಒಂದೊಂದೇ ಎತ್ಕೊಂಡು ಹೋದ್ರೆ ಕೊನೆಗೆ ಉಳಿಯೋದು ನಾನು. ನನ್ನನ್ನೂ ಎತ್ತಿಡು.

ಮಾತು ನಡೆಯುತ್ತಿದ್ದುದು ಒಂದು ಹಲ್ಲಿನ ಕ್ಲಿನಿಕ್ಕಿನ ಒಳಕೋಣೆಯಲ್ಲಿ. ಸೊಸೆ ಅಲ್ಲಿನ ಡಾಕ್ಟರು. ಅತ್ತೆ ಹೊರಗಿನ ಮೇಜಿನ ಯಜಮಾನಿ. ಬಂದವರ ಹೆಸರು ಬರೆಯುವುದು, ಹೊತ್ತು ಗೊತ್ತುಮಾಡುವುದು, ಹೆದರಿದವರಿಗೆ ಧೈರ್ಯ ಹೇಳುವುದು, ಧೈರ್ಯವಾಗಿ ಬಂದವರನ್ನು ಸ್ವಲ್ಪ ಹೆದರಿಸುವುದು ಅವರ ಕೆಲಸ.

ಚಿಕಿತ್ಸೆಯ ಕುರ್ಚಿಯಲ್ಲಿ ಬಲಗೆನ್ನೆ ಊದಿದ ಒಬ್ಬರು ಅಂಗಾತ ಒರಗಿದ್ದರು. ಕುತ್ತಿಗೆಯಿಂದ ಸೊಂಟದವರೆಗೆ ಹಸಿರು ಬಟ್ಟೆ, ಬಾಯಲ್ಲಿ ನಾಲ್ಕು ಉಂಡೆ ಹತ್ತಿ. ಕಂಪ್ಯೂಟರಿನ ಮೇಜಿನ ಕೆಳಗೆ ಇನ್ನೊಬ್ಬರು ತೂರಿಕೊಂಡಿದ್ದರು. ಅವರ ಬೆನ್ನು ಮತ್ತು ಅವರ ಭಾರವಾದ ಸಲಕರಣೆಯ ಬ್ಯಾಗು, ಇಷ್ಟು ಮಾತ್ರ ಹೊರಗೆ ಕಾಣುತ್ತಿದ್ದವು. ಕಾಲು ಗಂಟೆಯ ಹಿಂದೆ ಆ ಬ್ಯಾಗನ್ನು ಬಾಗಿಲಲ್ಲಿ ಕಂಡದ್ದೇ ತಡ ಅತ್ತೆ, ‘ಬಂದ್ರಾ? ಸದ್ಯ! ಬನ್ನಿ ಬನ್ನಿ, ಕನೆಕ್ಷನ್ ಹೋಗಿದೆ’ ಎಂದು ಅವರನ್ನು ನೇರವಾಗಿ ಮೇಜಿನ ಕೆಳಗೆ ಕಳಿಸಿದ್ದರು.

ಸೊಸೆ: ಏನ್ರೀ, ಕೆಳಗೆ ಏನಾದ್ರೂ ಗೊತ್ತಾಯ್ತಾ? ಚಿತ್ರ ಎರಡು ನಿಮಿಷದಲ್ಲಿ ಬರುತ್ತೆ ಅಂತ ಇವರಿಗೆ ಇಂಜೆಕ್ಷನ್ ಕೊಟ್ಟುಬಿಟ್ಟಿದೀನಿ. ಮರಗಟ್ಟಿರೋದು ಇಳಿಯೋದ್ರೊಳಗೆ ಹಲ್ಲು ಕಿತ್ತಾಗಬೇಕು.

ಬ್ಯಾಗಿನವರು: (ಮೇಜಿನ ಕೆಳಗಿನಿಂದ) ಗಡಿಬಿಡಿ ಮಾಡಬೇಡಿ ಡಾಕ್ಟ್ರೇ. ಈ ಕೆಲಸಕ್ಕೆಲ್ಲ ಟೈಮ್ ಹಿಡಿಯುತ್ತೆ. ಸಾಯಂಕಾಲದವರೆಗೂ ಹಿಡಿಯಬಹುದು. ನನಗೇನೂ ಅವಸರ ಇಲ್ಲ.

ಅತ್ತೆ: ಅವರ ಬಾಯಿಗೆ ಅವಸರ ಇದೆಯಲ್ಲಪ್ಪ.

ಕುರ್ಚಿಯವರು: ಆಂ... ಇಚ್! ಇಚ್!

ಸೊಸೆ: ಏನು, ನೋವಾಗ್ತಿದೆಯಾ?

ಕುರ್ಚಿಯವರು ತಲೆ ಅಲ್ಲಾಡಿಸಿ, ಮೇಜಿನ ಕೆಳಗೆ ಬೆರಳು ತೋರಿಸಿದರು.

ಕುರ್ಚಿಯವರು: ಇಚ್ಚ್!

ಅತ್ತೆ: ಏನೋ ಇಚ್ಛೆ ಇದೆಯಂತೆ. ಕೊನೇ ಇಚ್ಛೆ ಹೇಳೋರ ಥರ ಕಾಣ್ತಿದಾರೆ. ಹೆದರಿಸಿಬಿಟ್ಟಿದೀಯ ಅವರನ್ನ.

ಸೊಸೆ: ಸ್ವಿಚ್ ಅಂತಿರಬೇಕು. ಏನ್ರೀ, ಸ್ವಿಚ್ ನೋಡಿದ್ರಾ?

ಬ್ಯಾಗಿನವರು: ಸ್ವಿಚ್ಚಾ? ಅದೇನು ದೊಡ್ಡ ವಿಷಯ!

ಅವರು ಕೆಳಗಿನಿಂದಲೇ ಕೈ ಚಾಚಿ ಗೋಡೆಯ ಮೇಲಿದ್ದ ನಾಲ್ಕು ಸ್ವಿಚ್ಚುಗಳನ್ನೂ ಟಪಟಪನೆ ಒತ್ತಿದರು. ಫ್ಯಾನ್ ನಿಂತಿತು. ಕುರ್ಚಿಯ ಮೇಲಿನ ದೀಪ ಆರಿತು. ಕುರ್ಚಿ ತನ್ನಷ್ಟಕ್ಕೆ ತಾನೇ ಒಂದು ಗೇಣು ಕೆಳಗಿಳಿಯಿತು.

ಕುರ್ಚಿಯವರು: ಆಆಆ!

ಅತ್ತೆ: ಗೋಡೆ ಸ್ವಿಚ್ಚಲ್ಲ ಕಣಪ್ಪ! ನೆಟ್‌ವರ್ಕಿನ ಸ್ವಿಚ್ಚು ಅಂತ ಒಂದು ಪೆಟ್ಟಿಗೆ ಇದೆ. ಎಂಟು ತೂತಿಂದು. ಅದು ನನಗೇ ಗೊತ್ತು, ನಿಮಗೆ ಗೊತ್ತಿಲ್ವಾ?

ಬ್ಯಾಗಿನವರು: ಗೊತ್ತಿಲ್ದೇ ಏನಮ್ಮಾ? ನಿಮಗೆ ಗೊತ್ತಿದೆಯಾ ಅಂತ ನೋಡಿದ್ದು. ಇದೋ ಇಲ್ಲೇ ಇದೆ. ಎಂಟು ಬಾಯಿ. ಐದರಲ್ಲಿ ಕೊಳವೆ ಕೂತಿದೆ.

ಸೊಸೆ: ಕೊಳವೆ?

ಬ್ಯಾಗಿನವರು: ಕೇಬಲ್ಲು. ನಾವು ಒಳಗೊಳಗೆ ಹಾಗೇ ಅನ್ನೋದು.

ದೀಪ, ಫ್ಯಾನು ಮತ್ತೆ ಬಂದವು. ಅತ್ತೆ ಒಂದು ಸ್ಟೂಲ್ ಎಳೆದುಕೊಂಡು ಮೇಜಿನ ಬಳಿ ಕೂತರು.

ಅತ್ತೆ: ನೋಡಪ್ಪ, ಈ ನೆಟ್‌ವರ್ಕ್ ಅಂದ್ರೆ ಏನು ಅಂತ ನನ್ನ ಮಗನ್ನ ನಾಲ್ಕು ಸಲ ಕೇಳಿದೆ. ನಾಲ್ಕು ಸಲಾನೂ ಇಂಗ್ಲಿಷಿನಲ್ಲಿ ಬೈದ ಹಾಗೆ ಏನೋ ಹೇಳಿದ. ನೀವಾದ್ರೂ ಬಿಡಿಸಿ ಹೇಳಿ. ಸರ್ವರ್ ಅಂದ್ರೆ...

ಬ್ಯಾಗಿನವರು: ಸರ್ವರ್ ಅಂದ್ರೆ ಅಮ್ಮಾ, ಹೋಟ್ಲಲ್ಲಿ...

ಅತ್ತೆ: ಆ ಜೋಕು ನಾನು ಹಲ್ಲು ಇದ್ದಾಗಲೇ ಕೇಳಿದೀನಿ. ಮುಂದಕ್ಕೆ ಹೋಗಿ.

ಬ್ಯಾಗಿನವರು: ಸರಿ. ಸರ್ವರ್ ಅಂದ್ರೆ ಮಾಳಿಗೆ ಮೇಲಿನ ಟ್ಯಾಂಕು. ಎಲ್ಲಾ ಅಲ್ಲಿ ತುಂಬಿರುತ್ತೆ. ಕೇಬಲ್ ಅಂದ್ರೆ ಪೈಪು. ಈ ಎಂಟು ಬಾಯಿ ಪೆಟ್ಟಿಗೆ ಇದೆಯಲ್ಲ, ಸ್ವಿಚ್ಚು, ಇದು ಪೈಪುಗಳೆಲ್ಲ ಕೂಡೋ ಜಾಯಿಂಟು. ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು.

ಅತ್ತೆ: ಓಹೋ! ಬ್ಯಾಂಡ್‌ವಿಡ್ತ್ ಅಂತಾನಲ್ಲ ಮಗ, ಅದು?

ಬ್ಯಾಗಿನವರು: ಪೈಪಿನ ದಪ್ಪ. ಅರ್ಧ ಇಂಚಿನ ಪೈಪಲ್ಲಿ ಮೂರು ನಲ್ಲಿ ಒಟ್ಟಿಗೇ ಬಿಟ್ರೆ ಏನಾಗುತ್ತೆ?

ಅತ್ತೆ: ಮೂರೂ ತೊಟ್ಟಿಕ್ಕುತ್ತೆ!

ಬ್ಯಾಗಿನವರು: ಅಷ್ಟೇ. ಅದಕ್ಕೇ ಸ್ಲೋ ಅನ್ನೋದು.

ಅತ್ತೆ: ನೋಡೇ, ಎಷ್ಟು ಚೆನ್ನಾಗಿ ಹೇಳ್ತಾರೆ! ವರ್ಷದಿಂದ ತಲೆಗೆ ಹೋಗದೇ ಇದ್ದದ್ದು ಎರಡು ನಿಮಿಷಕ್ಕೆ ಹೋಯ್ತು. ಮತ್ತೆ ಪ್ಯಾಕೆಟ್ ಲಾಸ್?

ಬ್ಯಾಗಿನವರು: ಸೋರಿಕೆ.

ಕುರ್ಚಿಯವರು: (ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಾ) ಅಅಅಲ್ಲ...

ಸೊಸೆ: ಅಲ್ಲಾಡಬೇಡಿ. ಅತ್ತೆ, ಪಾಠ ಸಾಕು. ಏನ್ರೀ, ಆಗಾಗ ಬರುತ್ತೆ, ಆಗಾಗ ಹೋಗುತ್ತೆ, ಅದು ಯಾಕೆ? ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಸರಿಯಾಗೇ ಇತ್ತು.

ಬ್ಯಾಗಿನವರು: ಪೈಪಲ್ಲಿ ಗಾಳಿ ಸೇರಿರಬೇಕು.

ಸೊಸೆ: ಕೇಬಲ್ಲಿನಲ್ಲಾ?

ಬ್ಯಾಗಿನವರು: ಕೇಬಲ್ಲಲ್ಲಿ ಅದಕ್ಕೆ ಬೇರೆ ಹೆಸರಿದೆ ಡಾಕ್ಟ್ರೇ. ಈಗ ನಾಲಿಗೆ ತುದೀಲಿದೆ.

ಕುರ್ಚಿಯವರು ಎರಡೂ ಕೈಯೆತ್ತಿ, ಒಂದೊಂದು ಕೈಯಲ್ಲಿ ಒಂದೊಂದು ಬೆರಳು ನಿಲ್ಲಿಸಿ, ಬೆರಳುಗಳನ್ನು ಒಂದಕ್ಕೊಂದು ಢಿಕ್ಕಿ ಹೊಡೆಸಿದರು.

ಕುರ್ಚಿಯವರು: ಆಯ್‌ಹೀ! ಆಯ್‌ಹೀ!

ಅತ್ತೆ: ಪಾಪ, ತಾಯೀನ ನೆನೆಸ್ಕೋತಿದಾರೆ. ಅಮ್ಮನಿಗೂ ಹೆಂಡತಿಗೂ ಜಗಳ ಅಂತ ಕೈಯಲ್ಲೇ ತೋರಿಸ್ತಿದಾರೆ ನೋಡು. ಎಲ್ಲರ ಮನೇಲೂ ಇದ್ದಿದ್ದೇ ಬಿಡಪ್ಪ.

ಸೊಸೆ: ‘ಬಾಯಿ’ ಅಂತಿರಬೇಕು ಅತ್ತೆ. ಬಾಯಿ ನೋವಾ? ಸ್ವಲ್ಪ ಹೊತ್ತು. ಇನ್ನೂ ದೊಡ್ಡದಾಗಿ ತೆಗೀರಿ. ಹಾಂ, ಹಾಗೆ.

ಇನ್ನೊಂದು ಉಂಡೆ ಹತ್ತಿ ಒಳಗೆ ಹೋಯಿತು. ಕುರ್ಚಿಯವರ ಕಣ್ಣಲ್ಲಿ ನೀರು ಬಂತು.

ಬ್ಯಾಗಿನವರು: ಸಿಕ್ತು! ಡಾಕ್ಟ್ರೇ, ಸಿಕ್ತು! ಯಾರು ಮಾಡಿದ ಕೆಲಸಾನೋ ಇದು. ಒಂದು ಕೇಬಲ್ಲಿನ ಈ ತುದಿ ಪೆಟ್ಟಿಗೇಲಿದೆ, ಆ ತುದಿ ಸುಮ್ಮನೆ ನೆಲದ ಮೇಲೆ ಬಿದ್ದಿದೆ. ತೆರೆದ ಬಾಯಿ!

ಅತ್ತೆ: ಹೌದಾ? ತೆರೆದೇ ಬಿಟ್ಟಿದಾನಾ?

ಬ್ಯಾಗಿನವರು: ಹೀಗೆ ಬಿಟ್ರೆ ಪ್ರೆಷರೆಲ್ಲ ಇಲ್ಲೇ ಹೋಗಿಬಿಡುತ್ತೆ ಅಮ್ಮಾ. ಆ ರೂಮಿಂದ ಹೊರಟ ಎಕ್ಸ್‌ರೇ ಇಲ್ಲೇ ನೆಲಕ್ಕೆ ಸುರಿದು ಹೋಗ್ತಿದೆ.

ಅತ್ತೆ ತಮಗೆ ಅರಿವಿಲ್ಲದೆ ಕಾಲು ಎತ್ತಿ ನೆಲ ನೋಡಿಕೊಂಡರು.

ಬ್ಯಾಗಿನವರು: ಇದನ್ನ ವಾಪಸ್ ಈ ಪೆಟ್ಟಿಗೆಯ ಖಾಲಿ ಬಾಯಿಗೇ ಸೇರಿಸಿಬಿಡೋಣ. ಎರಡು ಸುತ್ತು ಬಿಳಿ ಟೇಪ್ ಸುತ್ತಿದ್ರೆ ತೊಟ್ಟೂ ಆಚೆ ಬರಲ್ಲ.

ಕುರ್ಚಿಯವರು: ಏಏಏ! ಊಹ್! ಊಹ್ ಆಗುತ್ತೆ!

ಅತ್ತೆ: ಉಫ್ ಉಫ್ ಅಂತಿದಾರೆ. ಸೆಕೆ ಆಗ್ತಿದೆ ಅವರಿಗೆ.

ಅತ್ತೆ ತಮ್ಮ ರಿಜಿಸ್ಟರು ಮಡಿಸಿ ಅವರ ಮುಖಕ್ಕೆ ಬೀಸತೊಡಗಿದರು. ಮೇಜಿನ ಕೆಳಗೆ ‘ಟಕ್’ ಎಂದು ಸದ್ದಾಯಿತು. ಮರುಕ್ಷಣ ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗಲು ಶುರುವಾದವು.

ಬ್ಯಾಗಿನವರು: ನೋಡಿ! ನೋಡಿ ಪ್ರೆಷರು! ಆರೂ ದೀಪ ಹೇಗೆ ಕುಣೀತಿವೆ!

ಸೊಸೆ: ದೀಪ ಕುಣೀತಿವೆ, ಸರಿ. ಇಲ್ಲಿ ನನ್ನ ಕಂಪ್ಯೂಟರ್ ಪೂರ್ತಿ ನಿಂತೇಹೋಯ್ತು. ಮೊದಲು ಚಿತ್ರ ಮಾತ್ರ ಬರ್ತಿರಲಿಲ್ಲ. ಈಗ ಏನೂ ಬರ್ತಿಲ್ಲ!

ಹೊರಗಿನ ಮೇಜಿನಿಂದ ಒಂದು ಬಗೆಯ ಕುಂಯ್‌ಗುಟ್ಟುವ ಸದ್ದು ಬಂತು. ಅತ್ತೆ ಓಡಿಹೋಗಿ ನೋಡಿ ಬಂದರು.

ಅತ್ತೆ: ನನ್ನದೂ ನಿಂತುಹೋಯ್ತು. ಫೋನೂ ಸತ್ತಿದೆ. ಗೋಡೆ ಟೀವಿಯಲ್ಲಿ ಹಲ್ಲು ಉಜ್ಜೋದು ತೋರಿಸ್ತಿದ್ದ ಹುಡುಗಿ ಬ್ರಷ್ ಬಾಯಲ್ಲಿಟ್ಕೊಂಡು ಹಾಗೇ ನಿಂತಿದಾಳೆ.

ಸೊಸೆ: ಇನ್ನು ಕಾಯೋಕಾಗಲ್ಲ. ಇಪ್ಪತ್ತು ನಿಮಿಷ ಕಳೀತು. ಊತ ಇರೋ ಜಾಗ ನೋಡಿದ್ರೆ ಕೊನೆಯಿಂದ ಎರಡನೇ ಹಲ್ಲು. ಅಂದಾಜಿನ ಮೇಲೆ ಕಿತ್ತುಬಿಡ್ತೀನಿ. ಅತ್ತೆ, ಆ ಇಕ್ಕಳ ಕೊಡಿ.

‘ಅಂದಾಜಿನ ಮೇಲೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಕುರ್ಚಿಯವರು ಧಡಕ್ಕನೆ ಎದ್ದು ಕೂತರು. ಕೂತವರು ನಿಂತರು. ಹಸಿರು ಬಟ್ಟೆಯ ಸಮೇತ ಮೇಜಿನತ್ತ ನಡೆದು, ಮಂಡಿಯೂರಿ, ಬ್ಯಾಗಿನವರನ್ನು ಪಕ್ಕಕ್ಕೆ ತಳ್ಳಿ, ಬಿಳಿ ಟೇಪು ಸುತ್ತಿದ ಕೇಬಲ್ಲನ್ನು ಪೆಟ್ಟಿಗೆಯಿಂದ ಕಿತ್ತು ಎಸೆದರು. ಕುಣಿಯುತ್ತಿದ್ದ ದೀಪಗಳು ಒಂದೊಂದಾಗಿ ತಣ್ಣಗಾದವು. ಹೊರಗೆ ಟೀವಿಯ ಹುಡುಗಿ ಹಲ್ಲುಜ್ಜುವುದನ್ನು ಮುಂದುವರಿಸಿದಳು.

ಅತ್ತೆ: ಅಯ್ಯಯ್ಯೋ, ಪೇಷೆಂಟೇ ರಿಪೇರಿ ಮಾಡಿಬಿಟ್ರಲ್ಲೇ!

ಕುರ್ಚಿಯಿಂದ ಎದ್ದವರು ಬಾಯೊಳಗಿನ ಹತ್ತಿಯನ್ನು ಒಂದೊಂದೇ ತೆಗೆದು ಟ್ರೇಯಲ್ಲಿಟ್ಟರು. ಆಮೇಲೆ ಹಸಿರು ಬಟ್ಟೆಯನ್ನು ಎತ್ತಿದರು. ಅದರ ಹಿಂದೆ, ಅಂಗಿಯ ಜೇಬಿಗೆ ಸಿಕ್ಕಿಸಿದ ಒಂದು ಗುರುತಿನ ಚೀಟಿ ಇತ್ತು. ಅದರಲ್ಲಿ ಅವರ ಫೋಟೋ ಇತ್ತು, ಕೆಳಗೆ ‘ನೆಟ್‌ವರ್ಕ್ ಟೆಕ್ನಿಷಿಯನ್’ ಎಂದಿತ್ತು.

ಟೆಕ್ನಿಷಿಯನ್: (ಅರ್ಧ ನಾಲಿಗೆಯಲ್ಲಿ) ನೀವು ಕಂಪ್ಲೇಂಟ್ ಕೊಟ್ಟಿದ್ರಲ್ಲ ಮೇಡಂ. ಬಂದವನು ನಾನು.

ಸೊಸೆ: ನೀವು... ಟೆಕ್ನಿಷಿಯನ್ನಾ? ಮತ್ತೆ ಕುರ್ಚಿಯಲ್ಲಿ ಯಾಕೆ ಕೂತ್ರಿ?

ಟೆಕ್ನಿಷಿಯನ್: ನೀವೇ ಕೂರಿಸಿದ್ರಿ. ಹೊರಗಿನ ಮೇಜಿನಲ್ಲಿ ಯಾರೂ ಇರಲಿಲ್ಲ, ನೇರ ಒಳಗೆ ಬಂದೆ. ನಾನು ‘ಮೇಡಂ, ನೆಟ್’ ಅನ್ನೋದ್ರೊಳಗೆ ‘ಮಾತಾಡಬೇಡಿ, ಕೆನ್ನೆ ಎಷ್ಟು ಊದಿದೆ ನೋಡಿ’ ಅಂತ ಎಕ್ಸ್‌ರೇ ತೆಗೆದ್ರಿ, ಸೂಜಿ ಹಾಕಿದ್ರಿ.

ಸೊಸೆ: ‘ನೆಟ್’ ಅಂದಿದ್ದಾ? ನಾನು ‘ನೆಟ್ಟಗಾಗುತ್ತಾ’ ಅಂತ ಕೇಳ್ತಿದೀರಿ ಅಂದ್ಕೊಂಡೆ! ಅಲ್ರೀ, ಕೈಯಾದ್ರೂ ಹಿಡಿದು ತಡೀಬೇಕಿತ್ತು.

ಟೆಕ್ನಿಷಿಯನ್: ಸುಳ್ಳು ಯಾಕೆ ಹೇಳ್ಲಿ, ಮೂರು ದಿನದಿಂದ ಹಲ್ಲು ನೋವು ಮೇಡಂ. ರಜ ಕೇಳಿದ್ರೆ ಕೊಡಲಿಲ್ಲ. ದಿನಕ್ಕೆ ಎಂಟು ಮನೆ, ಎಂಟು ಆಫೀಸು ಸುತ್ತಿದೀನಿ. ಈ ಊದಿದ ಕೆನ್ನೆ ನೋಡಿ ಒಬ್ಬರೂ ‘ಏನಾಯ್ತಪ್ಪ’ ಅನ್ನಲಿಲ್ಲ, ‘ವೈಫೈ ಯಾವಾಗ ಬರುತ್ತೆ’ ಅಂದ್ರು. ನೀವು ಒಬ್ಬರೇ ನನ್ನ ಮುಖ ನೋಡಿದ್ದು. ಕೂತುಬಿಟ್ಟೆ. ಹಲ್ಲು ಮುಗಿಸಿ ನೆಟ್‌ವರ್ಕ್ ನೋಡೋಣ ಅಂದ್ಕೊಂಡೆ.

ಆಮೇಲೆ ಅತ್ತೆ, ಸೊಸೆ, ಟೆಕ್ನಿಷಿಯನ್ ಮೂವರೂ ಒಟ್ಟಿಗೆ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಅತ್ತೆ: ಹಾಗಾದ್ರೆ ನೀವು ಯಾರಪ್ಪ?

ಬ್ಯಾಗಿನವರು: (ಇನ್ನಷ್ಟು ಒಳಕ್ಕೆ ಸರಿಯುತ್ತಾ) ನಾನು ಪ್ಲಂಬರು ಅಮ್ಮಾ.

ಅತ್ತೆ: ನಾವು ಪ್ಲಂಬರನ್ನ ಕರೆದೇ ಇಲ್ಲ.

ಪ್ಲಂಬರ್: ಹೌದು. ನಾನು... ಹತ್ತೂವರೆಯ ಅಪಾಯಿಂಟ್‌ಮೆಂಟು. ಕೊನೇ ದವಡೆ ಹಲ್ಲು.

ಅತ್ತೆ: ಇರಿ ಇರಿ ಇರಿ. ಈ ಧ್ವನಿ! ಫೋನಿನಲ್ಲಿ ಮೂರು ಸಲ ಮುಂದಕ್ಕೆ ಹಾಕಿಸಿಕೊಂಡೋರು ನೀವೇನಾ? ಒಂದು ಸಲ ಮಾವ ತೀರಿಕೊಂಡ್ರು ಅಂದ್ರಿ. ಇನ್ನೊಂದು ಸಲ ಮಾವನಿಗೇ ಮದುವೆ ಅಂದ್ರಿ.

ಪ್ಲಂಬರ್: ಇವತ್ತು ಗಟ್ಟಿ ಮನಸ್ಸು ಮಾಡಿ ಬಂದಿದ್ದೆ ಅಮ್ಮಾ. ಬಾಗಿಲಲ್ಲಿ ಕಾಲಿಟ್ಟವನು ವಾಪಸ್ ತಿರುಗೋದರಲ್ಲಿದ್ದೆ. ಅಷ್ಟರಲ್ಲಿ ನೀವು ‘ಬಂದ್ರಾ, ಕನೆಕ್ಷನ್ ಹೋಗಿದೆ, ಮೇಜಿನ ಕೆಳಗೆ ಹೋಗಿ’ ಅಂದ್ರಿ. ಆ ಕುರ್ಚಿಗಿಂತ ಈ ಜಾಗ ಎಷ್ಟೋ ಮೇಲು ಅನ್ನಿಸ್ತು. ಕನೆಕ್ಷನ್ ಕೆಲಸ ನಂದೇ ತಾನೆ, ನೀರೋ ಇನ್ನೊಂದೋ ಅಂತ...

ಸೊಸೆ: ಇನ್ನೊಂದೋ! ಇನ್ನೇನು ಒಬ್ಬ ಮನುಷ್ಯನ ಹಲ್ಲು ಅಂದಾಜಿನಲ್ಲಿ ಹೋಗ್ತಿತ್ತು!

ಟೆಕ್ನಿಷಿಯನ್: ಅವರು ಪೈಪು, ಜಾಯಿಂಟು ಅಂದದ್ದು ಅಷ್ಟೇನೂ ತಪ್ಪಲ್ಲ ಮೇಡಂ. ಆದ್ರೆ ಖಾಲಿ ಕೇಬಲ್ ಸೋರಲ್ಲ. ಅದರ ಎರಡು ತುದಿ ಒಂದೇ ಸ್ವಿಚ್ಚಿಗೆ ಹಾಕಿದ್ರೆ ಲೂಪ್ ಆಗುತ್ತೆ. ಹೋದ ಮಾತು ಸುತ್ತಿಕೊಂಡು ಅಲ್ಲಿಗೇ ಬರುತ್ತೆ, ಮತ್ತೆ ಹೋಗುತ್ತೆ, ಮತ್ತೆ ಬರುತ್ತೆ. ಒಂದು ಹತ್ತಾಗಿ, ಹತ್ತು ಸಾವಿರವಾಗಿ, ಬೇರೆ ಯಾರ ಮಾತಿಗೂ ದಾರಿ ಉಳಿಯಲ್ಲ. ಅದಕ್ಕೇ ಕುರ್ಚಿಯಲ್ಲಿ ‘ಲೂಪ್, ಲೂಪ್’ ಅಂತ ಬಡ್ಕೊಂಡೆ.

ಅತ್ತೆ: ನಾನು ಗಾಳಿ ಬೀಸಿದೆ.

ಟೆಕ್ನಿಷಿಯನ್: ಅದೂ ಬೇಕಾಗಿತ್ತು ಬಿಡಿ. ಈಗ ಮೊದಲನೇ ತೊಂದರೆ ನೋಡೋಣ. ಬೆಳಿಗ್ಗೆ ಸರಿಯಿತ್ತು ಅಂದ್ರಿ. ಯಾವಾಗ ಕೆಟ್ಟಿತು?

ಸೊಸೆ: ಒಂಬತ್ತೂವರೆಗೆ. ಅತ್ತೆ ಬಂದು ಕೂತ ತಕ್ಷಣ.

ಅತ್ತೆ: ಕೇಳಿಸ್ಕೊಳ್ಳಿ! ಮನೇಲಿ ಹಾಲು ಉಕ್ಕಿದ್ರೂ ನಾನೇ, ಇಲ್ಲಿ ಎಕ್ಸ್‌ರೇ ಬರದಿದ್ರೂ ನಾನೇ.

ಟೆಕ್ನಿಷಿಯನ್: ದಿನಾ ಹಾಗೇನಾ? ಅಮ್ಮ ತಮ್ಮ ಕಂಪ್ಯೂಟರ್ ಹಾಕಿದ ಕೂಡಲೇ ಹೋಗೋದು, ಆರಿಸಿದ ಮೇಲೆ ಬರೋದು?

ಸೊಸೆ: (ಯೋಚಿಸಿ) ಹೌದು. ನಿಜವಾಗ್ಲೂ ಹೌದು.

ಟೆಕ್ನಿಷಿಯನ್ ಹಸಿರು ಬಟ್ಟೆಯಲ್ಲೇ ಹೊರಗಿನ ಮೇಜಿಗೆ ಹೋಗಿ ಕೂತರು. ಅತ್ತೆ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟರೂ ಅದರ ಬೆನ್ನನ್ನು ಬಿಡದೆ ಹಿಡಿದು ನಿಂತರು. ನಾಲ್ಕು ಸಲ ಕೀಲಿ ಒತ್ತುವಷ್ಟರಲ್ಲಿ ಟೆಕ್ನಿಷಿಯನ್ನರ ಊದದ ಕೆನ್ನೆಯ ಕಡೆ ನಗು ಬಂತು.

ಟೆಕ್ನಿಷಿಯನ್: ಇದೇ. ಐಪಿ ಅಡ್ರೆಸ್. ನಾನು ಕೂಗ್ತಿದ್ದದ್ದು ಇದನ್ನೇ.

ಅತ್ತೆ: ತಾಯೀನ ಅಲ್ವಾ?

ಟೆಕ್ನಿಷಿಯನ್: ಅಲ್ಲಮ್ಮಾ. ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತೆ, ನಾಲ್ಕು ನಂಬರಿಂದು. ನಿಮ್ಮಲ್ಲಿ ಮೊದಲ ಮೂರು ಎಲ್ಲರಿಗೂ ಒಂದೇ, ಮನೆತನದ ಹೆಸರಿದ್ದ ಹಾಗೆ. ಕೊನೇದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಎಕ್ಸ್‌ರೇ ಕಂಪ್ಯೂಟರಿಗೆ ಇಪ್ಪತ್ತೈದು ಅಂತ ಇಲ್ಲಿ ಮೇಜಿಗೆ ಅಂಟಿಸಿರೋ ಚೀಟಿಯಲ್ಲಿದೆ. ನಿಮ್ಮದಕ್ಕೂ ಇಪ್ಪತ್ತೈದು. ‘ಇಪ್ಪತ್ತೈದು ಯಾರು’ ಅಂದ್ರೆ ಇಬ್ಬರೂ ‘ನಾನು’ ಅಂತಾರೆ. ಡಾಕ್ಟರು ಎಕ್ಸ್‌ರೇ ಕೇಳಿದ್ರೆ ಆ ಕೇಳಿಕೆ ನಿಮ್ಮ ಮೇಜಿಗೆ ಬರುತ್ತೆ.

ಅತ್ತೆ: ಬಂದು?

ಟೆಕ್ನಿಷಿಯನ್: ನಿಮ್ಮದು ‘ನನ್ನ ಹತ್ರ ಯಾವ ಹಲ್ಲೂ ಇಲ್ಲ’ ಅನ್ನುತ್ತೆ.

ಸೊಸೆ: ಎರಡಕ್ಕೂ ಒಂದೇ ನಂಬರ್ ಹೇಗೆ ಬಂತು?

ಟೆಕ್ನಿಷಿಯನ್: ಯಾರೋ ಆ ಕಂಪ್ಯೂಟರ್ ನೋಡಿಕೊಂಡು, ಒಂದಂಕಿ ಬಿಡದೆ ಇದಕ್ಕೂ ಬರೆದಿದಾರೆ.

ಸೊಸೆ: ನಿಮ್ಮ ಮಗ ಶಾಲೆಯಲ್ಲೂ ಹೀಗೇ ಕಾಪಿ ಹೊಡೀತಿದ್ರಾ ಅತ್ತೆ?

ಅತ್ತೆ: ಇಲ್ಲ. ಅದು ನಿನ್ನ ಗಂಡ ಆದ ಮೇಲೆ ಕಲಿತದ್ದು.

ಟೆಕ್ನಿಷಿಯನ್: ಈಗ ನಿಮ್ಮ ನಂಬರ್ ಬದಲಾಯಿಸ್ತೀನಿ ಅಮ್ಮಾ.

ಅತ್ತೆ: ಯಾಕೆ? ಆ ಮೆಷೀನಿಂದು ಬದಲಾಯಿಸಿ. ಈ ಕ್ಲಿನಿಕ್ಕಿಗೆ ಮೊದಲು ಬಂದವಳು ನಾನು. ಅದು ಬಂದು ವರ್ಷ ಆಗಿಲ್ಲ.

ಸೊಸೆ: ಅತ್ತೆ, ಒಂದು ನಂಬರಿಗೆ ಹಟ ಹಿಡೀಬೇಡಿ.

ಅತ್ತೆ: ನಂಬರಿಗಲ್ಲ ಕಣೇ. (ಧ್ವನಿ ತಗ್ಗಿತು.) ಮೊದಲೆಲ್ಲ ‘ಅತ್ತೆ, ಯಾರು ಬಂದಿದಾರೆ? ಅತ್ತೆ, ಅವರ ಹಲ್ಲು ಹೋದ ಸಲ ಏನು ಮಾಡಿದ್ವಿ?’ ಅಂತ ಗಳಿಗೆಗೊಂದು ಸಲ ಕೇಳ್ತಿದ್ದೆ. ಈಗ ಮೆಷೀನು ಮೆಷೀನಿಗೆ ಹೇಳುತ್ತೆ. ನಾನು ಮಧ್ಯೆ ಕೂತು ಫ್ಯಾನು ನೋಡ್ತೀನಿ. ಇವತ್ತು ನೆಟ್‌ವರ್ಕ್ ಹೋಗಿದೆ ಅಂತಾನೇ ನನ್ನ ಹತ್ರ ಇಷ್ಟು ಮಾತಾಡಿದ್ದು ನೀನು.

ಸೊಸೆ ಕೈಯ ಗವಸು ಬಿಚ್ಚಿದರು, ಮತ್ತೆ ಹಾಕಿಕೊಂಡರು.

ಸೊಸೆ: ಅತ್ತೆ, ಆ ಮೆಷೀನು ಚಿತ್ರ ಕಳಿಸುತ್ತೆ, ಅಷ್ಟೆ. ಮೂರು ಸಲ ತಪ್ಪಿಸ್ಕೊಂಡವರನ್ನ ಧ್ವನಿಯಲ್ಲೇ ಹಿಡಿಯೋದು ಅದಕ್ಕೆ ಬರುತ್ತಾ? ನಾನು ಮಾತು ಕಮ್ಮಿ ಮಾಡಿದ್ದು ನಿಮಗೆ ದಣಿವಾಗುತ್ತೆ ಅಂತ.

ಅತ್ತೆ: ಮಾತಾಡಿದ್ರೆ ದಣಿವಾಗೋದು ಕೇಳೋರಿಗೆ. ನನಗೆ ಯಾವತ್ತು ಆಗಿದೆ? (ಟೆಕ್ನಿಷಿಯನ್ ಕಡೆ ತಿರುಗಿ) ಸರಿ, ಬದಲಾಯಿಸಿ. ಆದ್ರೆ ಸಿಕ್ಕಿದ ನಂಬರ್ ಬೇಡ. ಒಂದು ಕೊಡಿ.

ಟೆಕ್ನಿಷಿಯನ್: ಒಂದು ರೂಟರಿಗೆ ಅಮ್ಮಾ. ಹೊರಗಿನ ಇಂಟರ್ನೆಟ್ಟಿಗೆ ಹೋಗೋದೆಲ್ಲ ಅದರ ಮೂಲಕಾನೇ ಹೋಗಬೇಕು.

ಅತ್ತೆ: ಇಲ್ಲಿ ಹೊರಗೆ ಹೋಗೋರೆಲ್ಲ ನನ್ನ ಮುಂದೇನೇ ಹೋಗೋದು. ನ್ಯಾಯವಾಗಿ ಅದು ನಂದು. ಹೋಗ್ಲಿ, ಎಲ್ಲಕ್ಕಿಂತ ದೊಡ್ಡ ನಂಬರ್ ಯಾವುದು?

ಟೆಕ್ನಿಷಿಯನ್: ಇನ್ನೂರ ಐವತ್ತೈದು. ಆದ್ರೆ ಅದನ್ನ ಯಾರಿಗೂ ಕೊಡಲ್ಲ. ಅಲ್ಲಿ ಹೇಳಿದ್ದು ಮನೆಯಲ್ಲಿರೋ ಎಲ್ಲರಿಗೂ ಕೇಳಿಸುತ್ತೆ. ಬ್ರಾಡ್‌ಕಾಸ್ಟ್ ಅಂತಾರೆ.

ಸೊಸೆ: ಅದನ್ನೇ ಕೊಡಿ. ಅತ್ತೆಗೆ ಹೇಳಿ ಮಾಡಿಸಿದ ನಂಬರ್.

ಅತ್ತೆ: ನೋಡಿ, ಬಾಯಿ ಬಂತು ಇವಳಿಗೆ! ನಿಂದೆಷ್ಟೇ?

ಸೊಸೆ: ಇಪ್ಪತ್ತು.

ಅತ್ತೆ: ಎರಡು ಖಾಲಿ ಇದೆಯಾ? ಎರಡು ಕೊಡಿ.

ಎರಡು ಕೊಟ್ಟರು. ಒಳಕೋಣೆಯ ಸ್ಕ್ರೀನಿನಲ್ಲಿ ಕಪ್ಪು ಬಿಳುಪಿನ ದವಡೆಯೊಂದು ನಿಧಾನವಾಗಿ ಮೂಡಿತು. ಸೊಸೆ ಹತ್ತಿರ ಹೋಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

ಸೊಸೆ: ಕೊನೆಯಿಂದ ಎರಡನೇದಲ್ಲ. ಮೂರನೇದು! ನಾನು ಅಂದ್ಕೊಂಡ ಹಲ್ಲು ಕಲ್ಲಿನ ಹಾಗಿದೆ. ಕೆಟ್ಟಿರೋ ಹಲ್ಲನ್ನೂ ಕೀಳಬೇಕಾಗಿಲ್ಲ, ಒಳಗೆ ತೊಳೆದು ತುಂಬಿದ್ರೆ ಉಳಿಯುತ್ತೆ.

ಟೆಕ್ನಿಷಿಯನ್ ಗೋಡೆ ಹಿಡಿದುಕೊಂಡು ನಿಂತರು.

ಟೆಕ್ನಿಷಿಯನ್: ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನೆಟ್‌ವರ್ಕ್ ಯಾಕೆ ಬೇಕು ಅಂತ ಇವತ್ತು ಗೊತ್ತಾಯ್ತು.

ಅವರು ಮತ್ತೆ ಕುರ್ಚಿ ಏರಿದರು. ಮರಗಟ್ಟಿದ್ದು ಇಳಿಯಲು ಇನ್ನೂ ಹೊತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಸೊಸೆ ಹಲ್ಲನ್ನು ತೊಳೆದು, ಮದ್ದು ತುಂಬಿ, ಮೇಲೆ ಮುಚ್ಚಿದರು. ಅಷ್ಟೂ ಹೊತ್ತು ಪ್ಲಂಬರು ಹೊರಗಿನ ಬೆಂಚಿನಲ್ಲಿ ಕೂತಿದ್ದರು; ನಡುವೆ ಎದ್ದು, ಕೇಳದೇ ಇದ್ದರೂ ಕೈತೊಳೆಯುವ ನಲ್ಲಿಯ ವಾಷರ್ ಬದಲಾಯಿಸಿದರು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಮೆಲ್ಲಗೆ ಬಾಗಿಲ ಕಡೆ ಹೊರಟರು. ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು.

ಪ್ಲಂಬರ್: ಅಮ್ಮಾ, ಒಂದು ಕಡೆ ಪೈಪ್ ಒಡೆದಿದೆಯಂತೆ. ನೀರು ಮೊಣಕಾಲುದ್ದ ನಿಂತಿದೆಯಂತೆ.

ಅತ್ತೆ: ಮೊಣಕಾಲು ತನಕ ತಾನೆ? ಮೂಗಿಗೆ ಬಂದಾಗ ಫೋನ್ ಮಾಡ್ತಾರೆ. ಒಳಗೆ ನಡೀರಿ.

ಟೆಕ್ನಿಷಿಯನ್: (ಕೆನ್ನೆ ಹಿಡಿದುಕೊಂಡು ಹೊರಬರುತ್ತಾ) ಫೈರ್‌ವಾಲ್ ಅಂದ್ರೆ ಏನು ಅಂತ ಜನ ಕೇಳ್ತಿರ್ತಾರೆ. ಇನ್ಮೇಲೆ ಈ ಬಾಗಿಲಿಗೆ ಕಳಿಸ್ತೀನಿ.

ಪ್ಲಂಬರು ಕುರ್ಚಿಯ ಅಂಚಿನಲ್ಲಿ ಕೂತರು; ಒರಗಲಿಲ್ಲ. ಟೆಕ್ನಿಷಿಯನ್ ತಮ್ಮ ಕಂಪನಿಯ ಹಾಳೆಯೊಂದನ್ನು ಅತ್ತೆಯ ಕೈಗಿತ್ತರು. ಅತ್ತೆ ಅದನ್ನು ಕ್ಲಿನಿಕ್ಕಿನ ಹಾಳೆಗಳಿದ್ದ ತಮ್ಮ ಪ್ಯಾಡಿಗೆ ಸಿಕ್ಕಿಸಿಕೊಂಡರು. ‘ತೊಂದರೆ ಏನಿತ್ತು’ ಎಂಬಲ್ಲಿ ಅತ್ತೆ, ‘ಒಂದೇ ಜಾಗಕ್ಕೆ ಇಬ್ಬರು’ ಎಂದು ದುಂಡಗೆ ಬರೆದರು. ‘ಹೇಗೆ ಸರಿಹೋಯಿತು’ ಎಂಬಲ್ಲಿ, ‘ದೊಡ್ಡವರು ಸರಿದುಕೊಂಡರು’ ಎಂದು ಬರೆದರು. ಸೊಸೆ ಬಗ್ಗಿ ಓದಿ, ಪೆನ್ನು ಕಸಿದುಕೊಂಡು ಕೆಳಗೆ, ‘ಇನ್ನೂ ಮುಂದಿನ ಸಾಲಿಗೆ’ ಎಂದು ಸೇರಿಸಿದರು.

ಟೆಕ್ನಿಷಿಯನ್: ಇಲ್ಲೊಂದು ಸಹಿ ಬೇಕು. ಒಬ್ಬರದು ಸಾಕು.

ಸೊಸೆ: ನೀವೇ ಹಾಕಿ ಅತ್ತೆ.

ಅತ್ತೆ: ಕ್ಲಿನಿಕ್ಕು ನಿಂದು. ನೀನು ಹಾಕು.

ಸೊಸೆ: ಕಂಪ್ಲೇಂಟ್ ಕೊಟ್ಟಿದ್ದು ನೀವು.

ಅತ್ತೆ: ಕೊಡು ಅಂದಿದ್ದು ನೀನು.

ಸೊಸೆ: ದೊಡ್ಡವರು ನೀವು.

ಅತ್ತೆ: ಓದಿದವಳು ನೀನು.

ಟೆಕ್ನಿಷಿಯನ್: ಇಬ್ಬರೂ ‘ನಾನು’ ಅಂದ್ರೂ ಕಷ್ಟ, ಇಬ್ಬರೂ ‘ನೀವು’ ಅಂದ್ರೂ ಕಷ್ಟ. ನನಗೆ ಇನ್ನೂ ಏಳು ಮನೆ ಇದೆ!

ಪ್ಲಂಬರ್: (ಕುರ್ಚಿಯಿಂದ ಕೈ ಚಾಚಿ) ಕೊಡಿ ಇಲ್ಲಿ, ಸಹಿ ನಾನು ಹಾಕ್ತೀನಿ. ಲೂಪ್ ಮಾಡಿದವನು ನಾನೇ ತಾನೆ? ತಪ್ಪು ಒಪ್ಪಿಕೊಂಡ ಹಾಗೂ ಆಗುತ್ತೆ.

ಅತ್ತೆ ಪ್ಯಾಡಿನ ಹಾಳೆ ಮಗುಚಿ ಅವರ ಮುಂದೆ ಹಿಡಿದು, ಬೆರಳಿಟ್ಟು ಜಾಗ ತೋರಿಸಿದರು. ಪ್ಲಂಬರು ಉದ್ದಕ್ಕೆ ಬಾಲ ಎಳೆದು ಸಹಿ ಹಾಕಿದರು.

ಪ್ಲಂಬರ್: ಮುಗೀತಲ್ಲ? ಇನ್ನು ಹೊರಡಲಾ?

ಅತ್ತೆ: ಸಹಿ ಹಾಕಿದ್ದನ್ನ ಒಂದು ಸಲ ಓದಿಕೊಳ್ಳಿ.

ಪ್ಲಂಬರ್: (ಓದುತ್ತಾ) ‘ನನ್ನ ಎಡಗಡೆಯ ಕೊನೆಯ ದವಡೆ ಹಲ್ಲನ್ನು ಕೀಳಲು ನಾನು ಸಂತೋಷದಿಂದ ಒಪ್ಪಿದ್ದೇನೆ...’ ಅಮ್ಮಾ! ಇದು ಬೇರೆ ಹಾಳೆ! ಸಂತೋಷದಿಂದ ಅಂತ ಯಾರು ಬರೆದದ್ದು?

ಅತ್ತೆ: ಮಿಕ್ಕಿದ್ದೆಲ್ಲ ಅಚ್ಚಾಗಿ ಬಂದಿದ್ದು. ಅದೊಂದು ಪದ ಮಾತ್ರ ನಂದು. ಬಾಯಿ ತೆಗೀರಿ.